ಮಾರ್ಗದರ್ಶಕರ ಹಿಂದೆ ಸ್ವಂತ ಚಾಲನೆ: ಮೌನ್‌ನಿಂದ ಕಸಾನೆಯವರೆಗೆ ಬೊಟ್ಸ್ವಾನಾದ ಕಾಡುಗಳಲ್ಲಿ ಬಿಡಾರ ಹೂಡುವ ಬಗೆ

ಬಂಡೀಪುರ, ನಾಗರಹೊಳೆಗಳಲ್ಲಿ ಅರಣ್ಯ ಇಲಾಖೆಯ ವಾಹನದಲ್ಲಿ ಕುಳಿತು ಕಾಡು ನೋಡಿದವರಿಗೆ, ಬಾಡಿಗೆಗೆ ಪಡೆದ ವಾಹನವನ್ನು ತಾವೇ ನಡೆಸಿಕೊಂಡು ಅಭಯಾರಣ್ಯದ ಒಳಗೆ ಹೋಗಿ, ಬೇಲಿಯೇ ಇಲ್ಲದ ಜಾಗದಲ್ಲಿ ಟೆಂಟ್ ಹಾಕಿ ಮಲಗಬಹುದೆಂಬುದೇ ಹೊಸ ಸಂಗತಿ. ದಕ್ಷಿಣ ಆಫ್ರಿಕಾ ಭಾಗದ ದೇಶಗಳಲ್ಲಿ, ಅದರಲ್ಲೂ ಬೊಟ್ಸ್ವಾನಾದಲ್ಲಿ, ಇದು ಬಹುಕಾಲದಿಂದ ನಡೆದುಬಂದಿರುವ ಪ್ರವಾಸದ ರೀತಿ. ಅದರಲ್ಲಿಯೂ ಮೊದಲ ಬಾರಿಗೆ ಹೋಗುವವರಿಗೆ ಹೊಂದುವ ಒಂದು ವ್ಯವಸ್ಥೆಯಿದೆ: ಪರವಾನಗಿ ಪಡೆದ ಮಾರ್ಗದರ್ಶಕರು ಮುಂದಿನ ವಾಹನದಲ್ಲಿ ಹೋಗುತ್ತಾರೆ, ಪ್ರವಾಸಿಗಳು ತಮ್ಮ ತಮ್ಮ ವಾಹನ ನಡೆಸುತ್ತ ಅವರ ಹಿಂದೆ ಸಾಲಾಗಿ ಸಾಗುತ್ತಾರೆ, ಎಲ್ಲ ವಾಹನಗಳ ನಡುವೆ ರೇಡಿಯೊ ಸಂಪರ್ಕವಿರುತ್ತದೆ.

ಈ ವ್ಯವಸ್ಥೆಯಲ್ಲಿ ದಾರಿ ಹುಡುಕುವುದು, ಬಿಡಾರ ಕಾಯ್ದಿರಿಸುವುದು, ಹೂತುಹೋದ ವಾಹನವನ್ನು ಎಳೆದು ತೆಗೆಯುವುದು ಇವೆಲ್ಲ ಮಾರ್ಗದರ್ಶಕರ ಹೊಣೆ. ಆದರೆ ನಿಮ್ಮ ಸ್ಟೀರಿಂಗ್ ನಿಮ್ಮ ಕೈಯಲ್ಲಿಯೇ ಇರುತ್ತದೆ. ಆನೆಯೊಂದು ಸಾಲಿನ ಮೂರನೆಯ ವಾಹನದ ಪಕ್ಕದ ಪೊದೆಯಿಂದ ಹೊರಬಂದಾಗ, ಮುನ್ನೂರು ಅಡಿ ಮುಂದಿರುವ ಮಾರ್ಗದರ್ಶಕರು ರೇಡಿಯೊದಲ್ಲಿ ಮಾತನಾಡಬಲ್ಲರೇ ಹೊರತು ನಿಮ್ಮ ಗೇರ್ ಹಾಕಲಾರರು. ರಾತ್ರಿ ಟೆಂಟಿನ ಜಿಪ್ ಎಳೆಯಬೇಕಾದವರೂ ನೀವೇ. ಆದ್ದರಿಂದ ಹೊರಡುವ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು, ಈ ಬಗೆಯ ಪ್ರವಾಸಕ್ಕೆ ಬಹಳ ಜನ ಆರಿಸಿಕೊಳ್ಳುವ ಮೌನ್, ಮೊರೆಮಿ, ಖ್ವಾಯ್, ಸವೂಟಿ, ಚೋಬೆಗಳ ಮೂಲಕ ಉತ್ತರದ ಗಡಿ ಪಟ್ಟಣ ಕಸಾನೆ ಸೇರುವ ದಾರಿಯನ್ನೇ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ದಾರಿ ಮತ್ತು ಕಾಲ

ಮೌನ್ ಒಕವಾಂಗೊ ನದೀಮುಖಜ ಭೂಮಿಯ ದಕ್ಷಿಣ ಅಂಚಿನ ಪಟ್ಟಣ. ಜೊಹಾನ್ಸ್‌ಬರ್ಗ್‌ನಿಂದ ಇಲ್ಲಿಗೆ ವಿಮಾನವಿದೆ. ಅಂಗೋಲಾದ ಎತ್ತರದ ಪ್ರದೇಶಗಳಲ್ಲಿ ಹುಟ್ಟುವ ಒಕವಾಂಗೊ ನದಿ ಸಮುದ್ರ ಸೇರುವುದಿಲ್ಲ. ಕಲಹಾರಿಯ ಮರಳಿನ ಮೇಲೆ ಹರಡಿಕೊಂಡು ಅಲ್ಲಿಯೇ ಇಂಗಿ ಆವಿಯಾಗುತ್ತದೆ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯ ಸಾವಿರದನೆಯ ತಾಣವಾಗಿ ಸೇರಿದ್ದು ಈ ಪ್ರದೇಶವೇ. ಇದರ ಪೂರ್ವ ಭಾಗದಲ್ಲಿರುವ ಮೊರೆಮಿ ಅಭಯಾರಣ್ಯವನ್ನು, ಬೇಟೆಯಿಂದ ಬರಿದಾಗುತ್ತಿದ್ದ ತಮ್ಮ ನೆಲವನ್ನು ಉಳಿಸಿಕೊಳ್ಳಲೆಂದು ಬಟವಾನಾ ಜನರೇ 1963ರಲ್ಲಿ ಘೋಷಿಸಿದರು. ಅದೇ ಸಂದರ್ಭದಲ್ಲಿ ಅಲ್ಲಿ ನೆಲೆಸಿದ್ದ, ಈ ಭಾಗದ ಮೂಲನಿವಾಸಿಗಳಾದ ಬುಗಾಕ್ವೆ ಸಾನ್ ಜನರು ಜಾಗ ಬಿಟ್ಟು ಖ್ವಾಯ್ ನದಿಯ ಆಚೆ ದಡಕ್ಕೆ ಬರಬೇಕಾಯಿತೆಂಬುದನ್ನೂ ಪ್ರವಾಸಿಗಳು ಅರಿತಿರಬೇಕು. ಖ್ವಾಯ್ ಹಳ್ಳಿಯಲ್ಲಿ ಸೌದೆ ಕೊಳ್ಳುವಾಗ, ಹಳ್ಳಿಯವರ ಬಿಡಾರಗಳಲ್ಲಿ ತಂಗುವಾಗ ನೀವು ಕೊಡುವ ಹಣ ಸೇರುವುದು ಆ ಜನರಿಗೆ.

ಕಾಲದ ಆಯ್ಕೆಯಲ್ಲಿ ನಮ್ಮವರು ಎಡವುವ ಸಾಧ್ಯತೆ ಹೆಚ್ಚು, ಏಕೆಂದರೆ ಇಲ್ಲಿ ಮಳೆಗಾಲ ಬೇರೆ, ನೆರೆಯ ಕಾಲ ಬೇರೆ. ಸ್ಥಳೀಯ ಮಳೆ ನವೆಂಬರಿನಿಂದ ಮಾರ್ಚ್‌ವರೆಗೆ ಬೀಳುತ್ತದೆ. ಅಂಗೋಲಾದಲ್ಲಿ ಬಿದ್ದ ಮಳೆಯ ನೀರು ಮಾತ್ರ ತಿಂಗಳುಗಟ್ಟಲೆ ನಿಧಾನವಾಗಿ ಹರಿದು, ಮೊರೆಮಿಯಲ್ಲಿ ಒಂದು ಹನಿ ಮಳೆಯೂ ಇಲ್ಲದ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ತುಂಬಿ ನಿಲ್ಲುತ್ತದೆ. ಹೀಗಾಗಿ ಒಣ ಋತುವಿನ ನಡುವೆಯೇ ಮೊರೆಮಿಯ ದಾರಿಗಳು ನೀರಿನಲ್ಲಿ ಮುಳುಗಿರಬಹುದು. ಕರ್ನಾಟಕದ ಶಾಲೆಗಳ ಬೇಸಿಗೆ ರಜೆಯನ್ನು ನೆಚ್ಚಿಕೊಂಡವರಿಗೆ ಮೇ ತಿಂಗಳು ಚೆನ್ನಾಗಿ ಹೊಂದುತ್ತದೆ: ಮಳೆ ನಿಂತಿರುತ್ತದೆ, ಹಸಿರು ಉಳಿದಿರುತ್ತದೆ, ಚಳಿ ಇನ್ನೂ ತೀವ್ರವಾಗಿರುವುದಿಲ್ಲ. ದಸರಾ ರಜೆಯಲ್ಲಿ ಹೋಗುವವರು 40 ಡಿಗ್ರಿ ದಾಟುವ ಬಿಸಿಲಿಗೂ ಮೆತ್ತಗಾದ ಮರಳಿಗೂ ಸಿದ್ಧರಾಗಿರಬೇಕು. ಅದಕ್ಕೆ ಪ್ರತಿಯಾಗಿ, ಉಳಿದಿರುವ ಕೆಲವೇ ನೀರಿನ ತಾಣಗಳಿಗೆ ಪ್ರಾಣಿಗಳೆಲ್ಲ ಬಂದು ಸೇರುವ ಕಾಲವೂ ಅದೇ ಆಗಿರುತ್ತದೆ. ಜೂನ್, ಜುಲೈ ತಿಂಗಳುಗಳ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯದ ಹತ್ತಿರಕ್ಕೆ ಇಳಿಯುವುದರಿಂದ ಬೆಂಗಳೂರಿನ ಸ್ವೆಟರ್ ಸಾಲದು.

ಮೌನ್‌ನಿಂದ ಮೊರೆಮಿಯ ದಕ್ಷಿಣ ದ್ವಾರ ಸುಮಾರು ನೂರು ಕಿಲೊಮೀಟರ್. ಶೊರೊಬೆಯ ಆಸುಪಾಸಿನವರೆಗೆ ಡಾಂಬರು, ಅಲ್ಲಿಂದ ಮುಂದೆ ಜಲ್ಲಿ ಮತ್ತು ಮರಳು. ಒಂದು ಕಾಡಿನಲ್ಲಿ ಒಂದೇ ರಾತ್ರಿ ತಂಗಿ ಮರುದಿನ ಬೆಳಿಗ್ಗೆ ಟೆಂಟ್ ಮಡಚುವ ಯೋಜನೆಯನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಪ್ರಾಣಿಗಳು ಓಡಾಡುವ ಬೆಳಗಿನ ಮತ್ತು ಸಂಜೆಯ ಹೊತ್ತೆಲ್ಲ ಆಗ ಸಾಮಾನು ಕಟ್ಟುವುದರಲ್ಲಿಯೂ ಬಿಚ್ಚುವುದರಲ್ಲಿಯೂ ಕಳೆದುಹೋಗುತ್ತದೆ. ಮೊರೆಮಿಯೊಳಗಿನ ಬಿಡಾರಗಳಾದ ಥರ್ಡ್ ಬ್ರಿಡ್ಜ್ ಅಥವಾ ಖಕನಾಕ, ಖ್ವಾಯ್, ಸವೂಟಿ, ಚೋಬೆ ನದಿಯ ದಡದ ಇಹಾಹಾ ಇವುಗಳಲ್ಲಿ ಎರಡೆರಡು ರಾತ್ರಿಯಾದರೂ ಇರುವಂತೆ ದಿನಗಳನ್ನು ಹಂಚಿಕೊಳ್ಳಿ. ಅಷ್ಟು ದಿನ ಸಿಗದಿದ್ದರೆ ಒಂದು ತಾಣವನ್ನು ಕೈಬಿಡುವುದು ಮೇಲು.

ಹೊರಡುವ ಮೊದಲು

ಬೊಟ್ಸ್ವಾನಾದ ಸಾರ್ವಜನಿಕ ಬಿಡಾರಗಳನ್ನು ಬೇರೆ ಬೇರೆ ಸಂಸ್ಥೆಗಳು ನಡೆಸುತ್ತ ಬಂದಿರುವುದರಿಂದ ಕಾಯ್ದಿರಿಸುವ ಕೆಲಸ ಒಂದೇ ಕಡೆ ಮುಗಿಯುವುದಿಲ್ಲ, ಮತ್ತು ಜಾಗಗಳು ತಿಂಗಳುಗಳ ಮೊದಲೇ ತುಂಬುತ್ತವೆ. ಮಾರ್ಗದರ್ಶಿತ ಪ್ರವಾಸದಲ್ಲಿ ಈ ಕೆಲಸವನ್ನು ಸಂಸ್ಥೆಯವರೇ ಮಾಡುತ್ತಾರೆ. ಆದರೂ ಪ್ರತಿ ರಾತ್ರಿಯ ಬಿಡಾರದ ಹೆಸರನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಉದ್ಯಾನದ ಒಳಗಿನ ಬಿಡಾರಕ್ಕೂ ಗಡಿಯಿಂದ ಗಂಟೆಗಟ್ಟಲೆ ದೂರವಿರುವ ಬಿಡಾರಕ್ಕೂ ಇರುವ ವ್ಯತ್ಯಾಸ ಬೆಳಗಿನ ಮೊದಲ ಸುತ್ತಿನಲ್ಲಿಯೇ ತಿಳಿಯುತ್ತದೆ.

ಸಂಸ್ಥೆಯವರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು, ಸಾಲಿನಲ್ಲಿ ಎಷ್ಟು ವಾಹನಗಳಿರುತ್ತವೆ ಎಂಬುದು. ಐದಕ್ಕಿಂತ ಹೆಚ್ಚಿದ್ದರೆ ಹಿಂದಿನವರಿಗೆ ಧೂಳು ಬಿಟ್ಟರೆ ಹೆಚ್ಚೇನೂ ಕಾಣದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾರ್ಗದರ್ಶಕರ ಬಳಿ ಸ್ಯಾಟಲೈಟ್ ಫೋನ್ ಇದೆಯೇ, ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ, ಬಿಡಾರದಲ್ಲಿ ಅಡುಗೆ ಯಾರದು, ಪ್ರಾಣಿ ನೋಡುವ ಸುತ್ತುಗಳಲ್ಲಿ ಅವರು ಸರದಿಯಂತೆ ಪ್ರವಾಸಿಗಳ ವಾಹನಗಳಲ್ಲಿ ಕುಳಿತುಕೊಳ್ಳುತ್ತಾರೆಯೇ ಎಂದೂ ಕೇಳಿ. ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ, ಹೆಜ್ಜೆಗುರುತು ನೋಡಿ ಸಿಂಹ ಹೋದ ದಿಕ್ಕನ್ನು ಹೇಳುವವರ ಪಕ್ಕದಲ್ಲಿ ಅರ್ಧ ದಿನ ಕಳೆದರೆ ಕಾಡನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಬೊಟ್ಸ್ವಾನಾದಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ನಡೆಸುವುದರಿಂದ ನಮ್ಮವರಿಗೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ. ಮೂಲ ಚಾಲನಾ ಪರವಾನಗಿಯೊಂದಿಗೆ ನಿಮ್ಮ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪಡೆದು ಒಯ್ಯಿರಿ; ಬಾಡಿಗೆ ಸಂಸ್ಥೆಗಳೂ ವಿಮೆಯವರೂ ಅದನ್ನು ಕೇಳುವುದುಂಟು. ವೀಸಾ ನಿಯಮಗಳನ್ನು ಟಿಕೆಟ್ ಕೊಳ್ಳುವ ಮೊದಲು ಅಧಿಕೃತ ಮೂಲದಲ್ಲಿಯೇ ನೋಡಿಕೊಳ್ಳಬೇಕು. ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಬಂದು ತಂಗುವುದಾದರೆ ದಕ್ಷಿಣ ಆಫ್ರಿಕಾದ ವೀಸಾ ಕೂಡ ಬೇಕಾಗುತ್ತದೆ. ಮಕ್ಕಳಿದ್ದರೆ ಅವರ ಜನನ ಪ್ರಮಾಣಪತ್ರ ಜೊತೆಯಲ್ಲಿರಲಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಹೋಗುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ಪ್ರಶ್ನೆ ಎದುರಾಗಬಹುದು, ಅದನ್ನು ಮೊದಲೇ ಬಗೆಹರಿಸಿಕೊಳ್ಳಿ. ಒಕವಾಂಗೊ ಮತ್ತು ಚೋಬೆ ಎರಡೂ ಮಲೇರಿಯಾ ಇರುವ ಪ್ರದೇಶಗಳಾದ್ದರಿಂದ, ಮುಂಜಾಗ್ರತೆಯ ಮಾತ್ರೆಗಳ ಬಗ್ಗೆ ಹೊರಡುವುದಕ್ಕೆ ಕೆಲವು ವಾರಗಳ ಮೊದಲೇ ವೈದ್ಯರೊಡನೆ ಮಾತನಾಡಬೇಕು. ಪ್ರವಾಸದ ವಿಮೆಯಲ್ಲಿ ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂಬ ಒಂದು ಸಾಲನ್ನು ಹುಡುಕಿ ಓದಿ. ಸವೂಟಿಯಿಂದ ಮರಳಿನ ದಾರಿಯಲ್ಲಿ ರೋಗಿಯನ್ನು ಕರೆತರುವುದು ಇಡೀ ದಿನದ ಕೆಲಸ.

ವಾಹನ

ಸಾಮಾನ್ಯವಾಗಿ ಸಿಗುವುದು ಟೊಯೊಟಾ ಹೈಲಕ್ಸ್ ಅಥವಾ ಲ್ಯಾಂಡ್ ಕ್ರೂಸರ್. ಚಾವಣಿಯ ಮೇಲೆ ಮಡಚಿಡುವ ಟೆಂಟ್, ಎರಡನೆಯ ಬ್ಯಾಟರಿಯಿಂದ ನಡೆಯುವ ಫ್ರಿಜ್, ಗ್ಯಾಸ್ ಸಿಲಿಂಡರ್, ಪಾತ್ರೆಪಗಡ, ಹೆಚ್ಚುವರಿ ಡೀಸೆಲ್ ಟ್ಯಾಂಕ್ ಇವೆಲ್ಲ ಅದರಲ್ಲಿಯೇ ಬರುತ್ತವೆ. ವಾಹನ ಕೈಗೆ ಬಂದ ದಿನ ಅರ್ಧ ದಿನವನ್ನು ಮೌನ್‌ನಲ್ಲಿಯೇ ಕಳೆದು, ಕೊಟ್ಟವರ ಎದುರಿನಲ್ಲಿ ಟೆಂಟನ್ನು ಒಮ್ಮೆ ಬಿಚ್ಚಿ ಮಡಚಿ, ಜ್ಯಾಕ್ ಎಲ್ಲಿಗೆ ಕೊಡಬೇಕೆಂದು ನೋಡಿ, ಒಂದು ಚಕ್ರವನ್ನು ನೀವೇ ಬಿಚ್ಚಿ ಹಾಕಿರಿ. ಎರಡು ಸ್ಟೆಪ್ನಿ, ಗಾಳಿ ತುಂಬುವ ಕಂಪ್ರೆಸರ್, ಗಾಳಿ ಅಳೆಯುವ ಗೇಜ್, ಸಲಿಕೆ, ಎಳೆಯುವ ಪಟ್ಟಿ ಇವು ಇಲ್ಲದೆ ಹೊರಡಬಾರದು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಫೋರ್ ಬೈ ಫೋರ್ ಮತ್ತು ನಿಧಾನ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಲೋ ರೇಂಜ್ ಗೇರುಗಳನ್ನು ಹಾಕುವ ಕ್ರಮವನ್ನು, ವಾಹನ ನಿಂತಿರಬೇಕೇ ಚಲಿಸುತ್ತಿರಬೇಕೇ ಎಂಬುದನ್ನೂ ಸೇರಿಸಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮೌನ್ ದಾಟಿದ ಮೇಲೆ ಬಹುತೇಕ ಕಡೆ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಯಾರಿಗೂ ಕರೆ ಮಾಡಿ ಕೇಳಲಾಗದು. ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಟ್ರ್ಯಾಕ್ಸ್ ಫಾರ್ ಆಫ್ರಿಕಾದಂಥ ನಕ್ಷೆಯನ್ನು, ಮಾರ್ಗದರ್ಶಕರಿದ್ದರೂ, ಪ್ರತಿ ವಾಹನದಲ್ಲಿ ಇಟ್ಟುಕೊಂಡಿರುವುದು ವಿವೇಕ.

ಬಾಡಿಗೆ ವಾಹನದ ವಿಮೆ ಸಾಮಾನ್ಯವಾಗಿ ನೀರಿನಿಂದಾದ ಹಾನಿ, ವಾಹನದ ತಳಕ್ಕಾದ ಪೆಟ್ಟು, ಬೇರೆ ವಾಹನದ ಪಾತ್ರವಿಲ್ಲದೆ ಪಲ್ಟಿಯಾದದ್ದು ಇವುಗಳನ್ನು ಹೊರಗಿಡುತ್ತದೆ. ತಲೆಯ ಮೇಲೆ ಟೆಂಟ್ ಹೊತ್ತ ವಾಹನ ಜಲ್ಲಿ ರಸ್ತೆಯಲ್ಲಿ ಸುಲಭವಾಗಿ ಪಲ್ಟಿಯಾಗುತ್ತದೆ. ಪ್ರವಾಸಿಗಳಿಗೆ ಸಿಂಹಕ್ಕಿಂತ ದೊಡ್ಡ ಅಪಾಯ ಇದೇ. ಮೇಲ್ಮೈ ನುಣುಪಾಗಿ ಕಂಡರೂ ಜಲ್ಲಿಯ ಮೇಲೆ ವೇಗವನ್ನು ತಡೆದಿಡಿ, ಹಠಾತ್ತನೆ ಸ್ಟೀರಿಂಗ್ ತಿರುಗಿಸಬೇಡಿ. ಉದ್ಯಾನಗಳ ಒಳಗೆ ಗರಿಷ್ಠ ವೇಗ ಗಂಟೆಗೆ 40 ಕಿಲೊಮೀಟರ್.

ಡೀಸೆಲ್ ವಿಷಯ ಸರಳವಾದದ್ದು: ಮೌನ್ ಬಿಟ್ಟ ಮೇಲೆ ನೆಚ್ಚಿಕೊಳ್ಳಬಹುದಾದ ಬಂಕ್ ಸಿಗುವುದು ಕಸಾನೆಯಲ್ಲಿ. ಆಳ ಮರಳಿನಲ್ಲಿ ವಾಹನ ಡಾಂಬರಿಗಿಂತ ಬಹಳ ಹೆಚ್ಚು ಕುಡಿಯುತ್ತದೆ, ಅದರ ಮೇಲೆ ಪ್ರಾಣಿ ನೋಡುವ ಸುತ್ತುಗಳೂ ಇರುತ್ತವೆ. ಆದ್ದರಿಂದ ಎರಡೂ ಟ್ಯಾಂಕ್ ತುಂಬಿಸಿಯೇ ಹೊರಡಬೇಕು.

ಮರಳು, ಹುಲ್ಲು, ನೀರು

ಮರಳಿನಲ್ಲಿ ಹೂತುಹೋಗುವ ವಾಹನಗಳಲ್ಲಿ ಹೆಚ್ಚಿನವಕ್ಕೆ ಕಾರಣ ಟೈರಿನಲ್ಲಿ ಹೆಚ್ಚು ಗಾಳಿ. ಡಾಂಬರಿನ ಮೇಲೆ 32ರಿಂದ 35 ಪಿಎಸ್‌ಐ ಇಡುವ ಟೈರನ್ನು ಆಳ ಮರಳಿನಲ್ಲಿ 20ರಿಂದ 22ರವರೆಗೆ ಇಳಿಸಿದರೆ ಅದು ನೆಲದ ಮೇಲೆ ಅಗಲವಾಗಿ ಹರಡಿಕೊಂಡು ತೇಲಿದಂತೆ ಸಾಗುತ್ತದೆ. ವಾಹನದ ಭಾರಕ್ಕೆ ತಕ್ಕಂತೆ ಈ ಅಂಕಿ ಬದಲಾಗುವುದರಿಂದ ಮಾರ್ಗದರ್ಶಕರು ಹೇಳಿದ್ದೇ ಅಂತಿಮ. ಮರಳು ಎದುರಾಗುವ ಮೊದಲೇ ಫೋರ್ ಬೈ ಫೋರ್ ಹಾಕಿ, ಮುಂದಿನವರ ಚಕ್ರದ ಜಾಡಿನಲ್ಲಿಯೇ, ಒಂದೇ ಹದದ ವೇಗದಲ್ಲಿ ಸಾಗಿ. ನಿಲ್ಲಬೇಕಾದರೆ ಬ್ರೇಕ್ ಒತ್ತದೆ ತಾನಾಗಿಯೇ ನಿಲ್ಲಲು ಬಿಡಿ, ಏಕೆಂದರೆ ಬ್ರೇಕ್ ಒತ್ತಿದಾಗ ಚಕ್ರದ ಮುಂದೆ ಮರಳಿನ ದಿಬ್ಬ ಏಳುತ್ತದೆ. ಹೆಬ್ಬೆರಳುಗಳನ್ನು ಸ್ಟೀರಿಂಗ್‌ನ ಒಳಗೆ ಸಿಕ್ಕಿಸಬೇಡಿ; ಜಾಡಿನ ಅಂಚಿಗೆ ಚಕ್ರ ಬಡಿದು ಸ್ಟೀರಿಂಗ್ ಗಿರಕ್ಕನೆ ತಿರುಗಿದರೆ ಬೆರಳು ಮುರಿಯುತ್ತದೆ. ವಾಹನ ಮುಂದೆ ಹೋಗದೆ ಚಕ್ರ ಮಾತ್ರ ತಿರುಗತೊಡಗಿದ ಕ್ಷಣವೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಆಗಲೇ ನಿಲ್ಲಿಸಿದರೆ ಗಾಳಿ ಇನ್ನಷ್ಟು ಇಳಿಸಿ ಹಿಮ್ಮುಖವಾಗಿ ಬಂದ ಜಾಡಿನಲ್ಲಿಯೇ ಹೊರಬರಬಹುದು. ಹಠ ಹಿಡಿದು ತಿರುಗಿಸಿದರೆ ಆಕ್ಸಲ್‌ವರೆಗೆ ಹೂಳುತ್ತದೆ. ಬೆಳಗಿನ ತಂಪಿನಲ್ಲಿ ಮರಳು ಬಿಗಿಯಾಗಿರುವುದರಿಂದ ಸವೂಟಿಯ ಕಡೆಗಿನ ದೀರ್ಘ ಪಯಣವನ್ನು ಮಧ್ಯಾಹ್ನಕ್ಕೆ ಮುಂದೂಡಬಾರದು.

ಮಳೆಗಾಲ ಮುಗಿದ ಮೊದಲ ತಿಂಗಳುಗಳಲ್ಲಿ ದಾರಿಯ ನಡುವೆ ಎತ್ತರದ ಹುಲ್ಲು ಬೆಳೆದಿರುತ್ತದೆ. ಅದರ ಬೀಜಗಳು ರೇಡಿಯೇಟರನ್ನು ಮುಚ್ಚಿ ಎಂಜಿನ್ ಕಾಯುವಂತೆ ಮಾಡುತ್ತವೆ, ಒಣ ಹುಲ್ಲು ವಾಹನದ ತಳದಲ್ಲಿ ಕಾದ ಎಕ್ಸಾಸ್ಟ್ ಕೊಳವೆಯ ಬಳಿ ಸಿಕ್ಕಿಕೊಂಡು ಹೊತ್ತಿಕೊಳ್ಳುತ್ತದೆ. ವಾಹನವೇ ಸುಟ್ಟುಹೋಗುವ ಈ ಅಪಾಯದ ಬಗ್ಗೆ ಹೊಸಬರಿಗೆ ಅರಿವೇ ಇರುವುದಿಲ್ಲ. ಮುಂಭಾಗಕ್ಕೆ ಬೀಜ ತಡೆಯುವ ಬಲೆ ಕಟ್ಟಿ, ಮಾರ್ಗದರ್ಶಕರು ಸುರಕ್ಷಿತವೆಂದು ನಿಲ್ಲಿಸಿದ ಕಡೆಯಲ್ಲೆಲ್ಲ ತಳಕ್ಕೆ ಬಗ್ಗಿ ನೋಡಿ ಹುಲ್ಲನ್ನು ಕಿತ್ತು ತೆಗೆಯಬೇಕು. ಅಗ್ನಿಶಾಮಕ ಡಬ್ಬಿ ಸಾಮಾನಿನ ಅಡಿಯಲ್ಲಲ್ಲ, ಕೈಗೆ ಸಿಗುವಂತೆ ಇರಲಿ.

ನೀರು ದಾಟುವ ಮೊದಲು ಕಾಲಿನಿಂದ ಆಳ ನೋಡುವ ವಾಡಿಕೆಯನ್ನು ಇಲ್ಲಿ ಮರೆತುಬಿಡಿ. ಮೊಸಳೆ ಮತ್ತು ನೀರಾನೆ ಇರುವ ನೀರು ಇದು. ಮಾರ್ಗದರ್ಶಕರು ಮೊದಲು ದಾಟಿ ಆಚೆ ದಡ ಹತ್ತಿದ ಮೇಲೆ ಒಂದೊಂದೇ ವಾಹನ, ಲೋ ರೇಂಜಿನಲ್ಲಿ, ಗೇರ್ ಬದಲಿಸದೆ, ನಡಿಗೆಯ ವೇಗಕ್ಕಿಂತ ಸ್ವಲ್ಪ ಹೆಚ್ಚಾಗಿ ದಾಟಬೇಕು. ಮೊಪಾನೆ ಮರದ ಗಳುಗಳನ್ನು ಜೋಡಿಸಿ ಕಟ್ಟಿದ ಮೊರೆಮಿಯ ಸೇತುವೆಗಳು ಗಡಗಡನೆ ಸದ್ದು ಮಾಡಿದರೂ ಹೆದರಬೇಕಾಗಿಲ್ಲ; ಅವುಗಳ ಮೇಲೂ ಒಂದು ಬಾರಿಗೆ ಒಂದೇ ವಾಹನ. ಖ್ವಾಯ್‌ನಿಂದ ಸವೂಟಿಗೆ ಹೋಗುವಾಗ ಸಿಗುವ ಮಬಾಬೆ ತಗ್ಗು ಪ್ರದೇಶದಲ್ಲಿ ಮಣ್ಣಿನ ಬಗೆಯೇ ಬದಲಾಗುತ್ತದೆ. ಅದು ಅಪ್ಪಟ ಎರೆಮಣ್ಣು. ಮಳೆಯಾದ ಮೇಲೆ ಎರೆಹೊಲದಲ್ಲಿ ಗಾಡಿ ಹೊಡೆಯುವ ಪಾಡನ್ನು ಧಾರವಾಡ, ಗದಗದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಂದ ಮುಂದೆ ಮರಳು ದಿಬ್ಬದ ದಾರಿ, ಜೌಗಿನ ದಾರಿ ಎಂದು ಕವಲೊಡೆಯುತ್ತದೆ; ಮಳೆ ಬಿದ್ದಿದ್ದರೆ ಜೌಗಿನ ದಾರಿಯ ಮಾತೆತ್ತಬಾರದು.

ಸಾಲಿನ ಶಿಸ್ತು ಮತ್ತು ಆನೆ

ಸಾಲಿನಲ್ಲಿ ಸಾಗುವಾಗ ಪ್ರತಿಯೊಬ್ಬ ಚಾಲಕರೂ ತಮ್ಮ ಹಿಂದಿನ ವಾಹನಕ್ಕೆ ಹೊಣೆ. ಧೂಳಿನಿಂದಾಗಿ ನಡುವೆ ದೊಡ್ಡ ಅಂತರ ಬಿಡಲೇಬೇಕಾದ್ದರಿಂದ, ಕವಲು ಬಂದ ಕಡೆ ಹಿಂದಿನವರು ಕಣ್ಣಿಗೆ ಬೀಳುವವರೆಗೆ ನಿಂತು, ಅವರು ತಿರುವನ್ನು ಕಂಡರೆಂದು ಖಾತ್ರಿಯಾದ ಮೇಲೆ ಮುಂದುವರಿಯಬೇಕು. ಎಲ್ಲರೂ ಮುಂದಿನವರನ್ನೇ ನೋಡುತ್ತ ಹೋದರೆ ಕೊನೆಯ ವಾಹನ ದಾರಿ ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ರೇಡಿಯೊದಲ್ಲಿ ಹರಟೆ ಹೊಡೆಯಬಾರದು. ಮಾರ್ಗದರ್ಶಕರ ಎಚ್ಚರಿಕೆಯ ಮಾತು ಬರಬೇಕಾದ ಕ್ಷಣದಲ್ಲಿ ಚಾನೆಲ್ ಖಾಲಿಯಿರಬೇಕು.

ಬೊಟ್ಸ್ವಾನಾದಲ್ಲಿ ಸುಮಾರು 1,30,000 ಆನೆಗಳಿವೆ, ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ಆನೆ ಎದುರಾಗುವುದು ಇಲ್ಲಿ ದಿನನಿತ್ಯದ ಸಂಗತಿಯಾದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಕಾಡಿನ ಆನೆಗಳನ್ನು ನೋಡಿದ ಅನುಭವ ಇಲ್ಲಿ ಎರಡು ಕಡೆ ದಾರಿ ತಪ್ಪಿಸುತ್ತದೆ. ದಂತವಿದ್ದರೆ ಗಂಡು ಎಂದು ನಾವು ಲೆಕ್ಕ ಹಾಕುತ್ತೇವೆ; ಆಫ್ರಿಕಾದಲ್ಲಿ ಹೆಣ್ಣಾನೆಗಳಿಗೂ ದಂತವಿರುವುದರಿಂದ, ಮರಿಗಳಿರುವ ಗುಂಪಿನ ತಾಯಿಯನ್ನು ಒಂಟಿ ಸಲಗವೆಂದು ತಿಳಿದು ಹತ್ತಿರ ಹೋಗುವ ಅಪಾಯವಿದೆ. ಹಣೆಯನ್ನು ನೋಡಿ: ಪಕ್ಕದಿಂದ ಕಂಡಾಗ ಗಂಡಿನ ಹಣೆ ದುಂಡಗಿರುತ್ತದೆ, ಹೆಣ್ಣಿನ ಹಣೆ ಮೂಲೆಯಿದ್ದಂತೆ ಬಾಗಿರುತ್ತದೆ. ಇನ್ನು, ಕಪೋಲದಿಂದ ದ್ರವ ಒಸರುತ್ತಿದ್ದರೆ ಮದವೆನ್ನುತ್ತೇವೆ. ಆಫ್ರಿಕಾದ ಆನೆಗಳಲ್ಲಿ ಉದ್ವೇಗಗೊಂಡ ಹೆಣ್ಣಾನೆಗಳಿಗೂ ಹಾಗೆ ಒಸರುತ್ತದೆ. ಮದವೇರಿದ ಸಲಗವನ್ನು ಗುರುತಿಸಲು ಒಸರುವ ಕಪೋಲದ ಜೊತೆಗೆ ಮೂತ್ರ ತೊಟ್ಟಿಕ್ಕಿ ಒದ್ದೆಯಾದ ಹಿಂಗಾಲುಗಳು, ಕಟುವಾದ ವಾಸನೆ, ತಲೆಯನ್ನು ಎತ್ತಿ ಹಿಡಿದ ನಡಿಗೆ ಇವನ್ನು ಒಟ್ಟಾಗಿ ಗಮನಿಸಬೇಕು. ಅಂಥ ಸಲಗಕ್ಕೆ ದಾರಿಯನ್ನು ಪೂರ್ತಿಯಾಗಿ ಬಿಟ್ಟುಕೊಡುವುದೊಂದೇ ಸರಿಯಾದ ಕ್ರಮ.

ಕಿವಿಗಳನ್ನು ಅಗಲಿಸಿ ಮೈ ಎತ್ತರಿಸಿ ನಿಂತ ಆನೆ ನಿಮಗೆ ಎಚ್ಚರಿಕೆ ಕೊಡುತ್ತಿದೆ. ಧೂಳೆಬ್ಬಿಸಿ, ಘೀಳಿಟ್ಟು, ನಾಲ್ಕು ಹೆಜ್ಜೆ ಓಡಿ ಬಂದು ನಿಲ್ಲುವುದು ಬಹುಮಟ್ಟಿಗೆ ಬೆದರಿಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಕ್ಕೆ ಸುತ್ತಿ, ತಲೆ ತಗ್ಗಿಸಿ ಬಂದರೆ ಅದು ನಿಜವಾದ ದಾಳಿ. ಆದರೆ ಈ ವ್ಯತ್ಯಾಸವನ್ನು ಕಣ್ಣೆದುರಿನಲ್ಲಿ ಪರೀಕ್ಷಿಸುವ ಸ್ಥಿತಿಗೆ ಹೋಗಬಾರದು. ಆನೆ ತಿನ್ನುವುದನ್ನು ನಿಲ್ಲಿಸಿ ನಿಮ್ಮತ್ತ ತಿರುಗಿತೆಂದರೆ ನೀವು ಆಗಲೇ ಅಗತ್ಯಕ್ಕಿಂತ ಹತ್ತಿರವಿದ್ದೀರಿ. ಹಾರ್ನ್ ಹೊಡೆಯಬೇಡಿ, ಎಂಜಿನ್ ಗರ್ಜಿಸುವಂತೆ ಮಾಡಬೇಡಿ, ತಾಯಿ ಮತ್ತು ಮರಿಯ ನಡುವೆ, ಗುಂಪು ಮತ್ತು ನೀರಿನ ನಡುವೆ ವಾಹನ ತರಬೇಡಿ.

ಸಾಲಿನಲ್ಲಿ ಬರುವ ತೊಡಕು ಒಂಟಿ ವಾಹನಕ್ಕಿರುವುದಿಲ್ಲ. ಕಿರಿದಾದ ಮರಳು ದಾರಿಯಲ್ಲಿ ಮುಂದಿನ ವಾಹನ ಹಿಂದೆ ಸರಿಯಬೇಕಾದರೆ ಕೊನೆಯ ವಾಹನ ಮೊದಲು ಸರಿಯಬೇಕು. ಆದ್ದರಿಂದ ಆನೆ ಕಂಡಾಗ ಒಂದರ ಹಿಂದೆ ಒಂದು ಒತ್ತೊತ್ತಾಗಿ ನಿಲ್ಲಬಾರದು, ನಡುವೆ ಮೂರು ನಾಲ್ಕು ವಾಹನಗಳಷ್ಟು ಜಾಗವಿರಲಿ. ಕೊನೆಯ ಚಾಲಕರು ತಿರುಗಿಸಲು ಅನುಕೂಲವಿರುವ ಕಡೆಯಲ್ಲಿಯೇ ನಿಂತು, ಮುಂದಿನವರಿಗೆ ಚೆನ್ನಾಗಿ ಕಾಣುತ್ತಿದೆ ತಮಗೆ ಕಾಣುತ್ತಿಲ್ಲವೆಂದು ಮುಂದೆ ನುಗ್ಗದಿರಬೇಕು. ಹಾಗೆಯೇ, ರಸ್ತೆ ದಾಟುತ್ತಿರುವ ಗುಂಪಿನ ಅರ್ಧ ಆಚೆ ಅರ್ಧ ಈಚೆ ಇರುವಾಗ ಸಾಲಿನ ಉಳಿದರ್ಧ ನಡುವೆ ಸಾಗುವುದು ಅತ್ಯಂತ ಅಪಾಯಕಾರಿ. ಕೊನೆಯ ವಾಹನ ನಡೆಸುವ ಕೆಲಸವನ್ನು ಗುಂಪಿನಲ್ಲಿ ಹೆಚ್ಚು ಅನುಭವವಿರುವ, ತಾಳ್ಮೆಯಿರುವ ಚಾಲಕರಿಗೆ ವಹಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಿಂಹ, ಚಿರತೆ, ಕಾಡುನಾಯಿಗಳ ವಿಷಯದಲ್ಲಿ ನಿಯಮಗಳು ಕಡಿಮೆ: ಎಂಜಿನ್ ಆರಿಸಿ, ಮೆಲುದನಿಯಲ್ಲಿ ಮಾತನಾಡಿ, ಕಿಟಕಿಯಿಂದ ಮೈ ಹೊರಗೆ ಚಾಚಬೇಡಿ, ದಾರಿ ಬಿಟ್ಟು ಹುಲ್ಲಿನೊಳಗೆ ವಾಹನ ಇಳಿಸಬೇಡಿ. ಗೊತ್ತುಪಡಿಸಿದ ಜಾಗಗಳ ಹೊರತು ಎಲ್ಲಿಯೂ ಇಳಿಯುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ, ಕತ್ತಲಾದ ಮೇಲೆ ಉದ್ಯಾನದೊಳಗೆ ವಾಹನ ಓಡಿಸುವಂತಿಲ್ಲ.

ಬಿಡಾರ

ಈ ಬಿಡಾರಗಳಿಗೆ ಬೇಲಿಯಿಲ್ಲ. ಸವೂಟಿಯಲ್ಲಿ ನೀರಿನ ವಾಸನೆ ಹಿಡಿದು ಬರುವ ಆನೆಗಳಿಂದ ಉಳಿಸಲು ಸ್ನಾನಗೃಹದ ಸುತ್ತ ದಪ್ಪ ಗೋಡೆ ಕಟ್ಟಬೇಕಾಯಿತೆಂದರೆ ಅಲ್ಲಿನ ರಾತ್ರಿಗಳನ್ನು ಊಹಿಸಬಹುದು. ಬಿಡಾರಕ್ಕೆ ಬಿಸಿಲಿರುವಾಗಲೇ ತಲುಪಿ, ಪ್ರಾಣಿಗಳು ತುಳಿದು ಮಾಡಿಕೊಂಡ ಜಾಡಿನ ಮೇಲೆ ಟೆಂಟ್ ಬಾರದಂತೆ ವಾಹನಗಳನ್ನು ಅರ್ಧವೃತ್ತಾಕಾರದಲ್ಲಿ ನಿಲ್ಲಿಸಿ, ಏಣಿಗಳು ಒಳಮುಖವಾಗಿರಲಿ. ಬೆಂಗಳೂರಿನ ರಸ್ತೆಬದಿಗಳಲ್ಲಿಯೂ ಕಾಣುವ ಸಾಸೇಜ್ ಮರ ಇಲ್ಲಿಯದೇ. ಅದರ ಕಾಯಿಗಳು ಕಿಲೋಗಟ್ಟಲೆ ತೂಗುವುದರಿಂದ ಅದರಡಿ ಟೆಂಟ್ ಬೇಡ.

ಕತ್ತಲಾದ ಮೇಲೆ ಬೆಂಕಿಯ ಬೆಳಕಿನ ವಲಯ ಬಿಟ್ಟು ಯಾರೂ ಒಬ್ಬಂಟಿಯಾಗಿ ಹೋಗಬಾರದು. ಮಕ್ಕಳು ಯಾವಾಗಲೂ ದೊಡ್ಡವರ ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು, ಹಗಲಿನಲ್ಲಿಯೂ. ಶೌಚಾಲಯದ ಕೆಲಸವನ್ನು ಮಲಗುವ ಮೊದಲೇ, ಮಾರ್ಗದರ್ಶಕರ ಜೊತೆಯಲ್ಲಿ ಅಥವಾ ವಾಹನದಲ್ಲಿ ಹೋಗಿ ಮುಗಿಸಿ. ನಡುರಾತ್ರಿಯ ಅಗತ್ಯಕ್ಕೆ ಮುಚ್ಚಳವಿರುವ ಅಗಲ ಬಾಯಿಯ ಡಬ್ಬಿಯನ್ನು ಟೆಂಟಿನೊಳಗೇ ಇಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ, ಅನುಭವಿಗಳೆಲ್ಲ ಹಾಗೆಯೇ ಮಾಡುತ್ತಾರೆ. ಇಳಿಯಲೇಬೇಕಾದರೆ ಮೊದಲು ಪ್ರಖರವಾದ ಟಾರ್ಚನ್ನು ಸುತ್ತಲೂ ನಿಧಾನವಾಗಿ ಬೀರಿ, ಬೆಳಕಿಗೆ ಮಿನುಗುವ ಕಣ್ಣುಗಳಿವೆಯೇ ನೋಡಬೇಕು. ಟೆಂಟಿನ ಜಿಪ್ಪನ್ನು ಪೂರ್ತಿಯಾಗಿ ಎಳೆಯಬೇಕು. ಸೆಕೆಯೆಂದು ಬಾಗಿಲು ತೆರೆದಿಟ್ಟು ಮಲಗುವುದು ಕತ್ತೆಕಿರುಬಕ್ಕೂ ಸಿಂಹಕ್ಕೂ ಕೊಟ್ಟ ಆಹ್ವಾನ. ಮುಚ್ಚಿದ ಟೆಂಟನ್ನು ಅವು ಸಾಮಾನ್ಯವಾಗಿ ಹರಿದು ಒಳಬರುವ ವಸ್ತುವೆಂದು ಎಣಿಸುವುದಿಲ್ಲ.

ಬೂಟು, ಪಾತ್ರೆ, ಕಸದ ಚೀಲ, ಖಾಲಿ ಡಬ್ಬಿ ಯಾವುದನ್ನೂ ಹೊರಗೆ ಬಿಡಬೇಡಿ, ಕತ್ತೆಕಿರುಬ ಚರ್ಮದ ಬೂಟನ್ನೂ ಒಯ್ದು ಅಗಿಯುತ್ತದೆ. ಹಗಲಿನಲ್ಲಿ ಥರ್ಡ್ ಬ್ರಿಡ್ಜ್‌ನ ಬಬೂನ್ ಕೋತಿಗಳಿಗೆ ತೆರೆದ ಕಿಟಕಿಯ ಅಷ್ಟು ಸಂದು ಸಾಕು. ಬೆಳಿಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳಿ, ಸೌದೆಯನ್ನು ನೋಡಿ ಎತ್ತಿ. ಚೇಳು, ಹಾವುಗಳಿಗೆ ಅವು ಮೆಚ್ಚಿನ ಜಾಗಗಳು. ನದಿಯ ದಡದಲ್ಲಿ ಪಾತ್ರೆ ತೊಳೆಯಲು ಕೂರಬಾರದು, ಮುಸ್ಸಂಜೆಯಲ್ಲಿ ಮೇಯಲು ಹೊರಡುವ ನೀರಾನೆಗೂ ನೀರಿಗೂ ನಡುವೆ ನಿಲ್ಲಬಾರದು.

ಊಟ ಮತ್ತು ನೀರು

ಮೌನ್‌ನ ಸೂಪರ್ ಮಾರ್ಕೆಟ್‌ಗಳಲ್ಲಿ ಅಕ್ಕಿ, ಬೇಳೆ, ತರಕಾರಿ, ಹಾಲು ಎಲ್ಲವೂ ಸಿಗುವುದರಿಂದ ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ. ಮನೆಯಿಂದ ಒಯ್ಯಬೇಕಾದದ್ದು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಹುರಿಹಿಟ್ಟಿನಂಥ ಒಣ ಪದಾರ್ಥಗಳು. ಆರು ಗಂಟೆಗೆ ಕತ್ತಲಾಗುವ ಕಾಡಿನಲ್ಲಿ ಒಲೆಯ ಮುಂದೆ ಕಡಿಮೆ ಹೊತ್ತು ಇದ್ದಷ್ಟೂ ಒಳ್ಳೆಯದು. ಒಯ್ಯುವ ಮೊದಲು ಸುಂಕದ ನಿಯಮ ನೋಡಿ, ತಯಾರಾದ ಪೊಟ್ಟಣದಲ್ಲಿಯೇ ಇರಲಿ. ಕಿತ್ತಳೆ ಮತ್ತು ನಿಂಬೆಯನ್ನು ಮಾತ್ರ ಬಿಡಾರಕ್ಕೆ ತರಲೇಬಾರದು. ಆನೆಗಳು ಆ ವಾಸನೆಯನ್ನು ದೂರದಿಂದಲೇ ಹಿಡಿಯುತ್ತವೆ, ವಾಹನದ ಬಾಗಿಲನ್ನು ಕಿತ್ತಾದರೂ ಹಣ್ಣನ್ನು ಹುಡುಕುತ್ತವೆ. ಚಿತ್ರಾನ್ನಕ್ಕೆ ಹುಳಿ ಬೇಕಾದವರು ಹುಣಿಸೆಯಲ್ಲಿ ತೃಪ್ತರಾಗಬೇಕು.

ಮಾಂಸಾಹಾರಿಗಳಿಗೆ ಇನ್ನೊಂದು ನಿಯಮ: ಜಾನುವಾರುಗಳ ಕಾಲುಬಾಯಿ ರೋಗ ಹರಡದಂತೆ ಬೊಟ್ಸ್ವಾನಾದಲ್ಲಿ ಉದ್ದಕ್ಕೂ ಪಶುವೈದ್ಯ ಬೇಲಿಗಳಿವೆ. ಅವುಗಳ ತಪಾಸಣಾ ಠಾಣೆಗಳಲ್ಲಿ, ಮುಖ್ಯವಾಗಿ ಉತ್ತರದಿಂದ ದಕ್ಷಿಣಕ್ಕೆ ಬರುವಾಗ, ಹಸಿ ಮಾಂಸವನ್ನು ವಶಪಡಿಸಿಕೊಳ್ಳುತ್ತಾರೆ. ಕುಡಿಯುವ ನೀರನ್ನು ಒಬ್ಬರಿಗೆ ದಿನಕ್ಕೆ ಐದು ಲೀಟರಿನ ಲೆಕ್ಕದಲ್ಲಿ, ಒಂದು ದಿನದ ಹೆಚ್ಚುವರಿಯೊಂದಿಗೆ ತುಂಬಿಸಿಕೊಳ್ಳಿ. ಕಸವನ್ನೆಲ್ಲ ಗಂಟು ಕಟ್ಟಿ ಕಸಾನೆಯವರೆಗೆ ಒಯ್ಯಬೇಕು.

ಸವೂಟಿಯಿಂದ ಕಸಾನೆಗೆ

ಸವೂಟಿಯ ಕಾಲುವೆ 1982ರ ಸುಮಾರಿಗೆ ಬತ್ತಿ, 2008ರ ನಂತರ ಮತ್ತೆ ಹರಿದು, ಆಮೇಲೆ ಪುನಃ ಬತ್ತಿತು. ಒಣ ವರ್ಷಗಳಲ್ಲಿ ಕಾಲುವೆಯಲ್ಲಿ ಬೆಳೆದು, ನೀರು ಮರಳಿದಾಗ ಮುಳುಗಿ ನಿಂತೇ ಸತ್ತ ಮರಗಳು, ನೀರಿನ ಹೊಂಡಗಳ ಸುತ್ತ ಸೇರುವ ಸಲಗಗಳು, ಆನೆಗಳನ್ನೂ ಬೇಟೆಯಾಡಿ ಹೆಸರಾದ ಸಿಂಹಗಳ ಗುಂಪುಗಳು ಇಲ್ಲಿನ ವಿಶೇಷ. ಗುಬಾಟ್ಸಾ ಗುಡ್ಡಗಳಲ್ಲಿ ಸಾನ್ ಜನರ ಬಂಡೆ ಚಿತ್ರಗಳಿವೆ. ನೋಡಲು ವಾಹನದಿಂದ ಇಳಿದು ಹತ್ತಬೇಕಾದ್ದರಿಂದ ಮಾರ್ಗದರ್ಶಕರು ಒಪ್ಪಿದರಷ್ಟೇ ಹೋಗಿ.

ಸವೂಟಿಯಿಂದ ಕಚಿಕಾವುವರೆಗಿನ ಸುಮಾರು ಎಂಬತ್ತು ಕಿಲೊಮೀಟರ್ ಈ ಪ್ರವಾಸದ ಅತ್ಯಂತ ಆಳವಾದ ಮರಳು. ಬೆಳಗಿನ ಮೊದಲ ಬೆಳಕಿಗೆ ಹೊರಟು, ಟೈರಿನ ಗಾಳಿ ಇಳಿಸಿಯೇ ಸಾಗಿರಿ. ಕಚಿಕಾವುವಿನಲ್ಲಿ ಡಾಂಬರು ಸಿಕ್ಕ ಕೂಡಲೇ ನಿಂತು ಎಲ್ಲ ಚಕ್ರಗಳಿಗೂ ಗಾಳಿ ತುಂಬಿಸಿ. ಇಳಿಸಿದ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಟೈರು ಕಾದು ಒಡೆಯುತ್ತದೆ. ಅಲ್ಲಿಂದ ಎನ್ಗೋಮಾ ದಾಟಿ ಚೋಬೆ ನದಿಯ ದಡದ ಇಹಾಹಾ ಬಿಡಾರ. ಆಚೆ ದಡ ನಮೀಬಿಯಾ. ಇಲ್ಲಿ ಒಂದು ಸಂಜೆಯನ್ನು ದೋಣಿಯ ಸಫಾರಿಗೆ ಮೀಸಲಿಡಿ, ಆನೆಗಳು ಈಜಿ ದಾಟುವುದನ್ನು ನೀರಿನ ಮಟ್ಟದಿಂದ ನೋಡುವ ಅವಕಾಶ ದಡದ ವಾಹನದಿಂದ ಸಿಗದು.

ಕಸಾನೆಯಲ್ಲಿ ವಾಹನ ಒಪ್ಪಿಸುವುದಾದರೆ ಮೊದಲು ತೊಳೆಸಿ, ತಳದ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಹಾನಿಯ ಪಟ್ಟಿಗೆ ಇಬ್ಬರೂ ಸಹಿ ಹಾಕಿ. ಮೌನ್‌ಗೆ ಹಿಂದಿರುಗಿಸಬೇಕಾದರೆ ನಾಟಾ ಮೂಲಕ ಡಾಂಬರು ರಸ್ತೆಯಿದೆ, ಆದರೆ ಅದೂ ಹಗಲಿನ ಪ್ರಯಾಣವೇ ಆಗಬೇಕು. ಬೆಳಕಿಲ್ಲದ ಆ ಹೆದ್ದಾರಿಯಲ್ಲಿ ಕತ್ತೆಗಳು, ದನಗಳು, ಕೆಲವು ಕಡೆ ಆನೆಗಳು ನಡುರಸ್ತೆಯಲ್ಲಿಯೇ ನಿಂತಿರುತ್ತವೆ. ಕತ್ತಲಾಗುವ ಮೊದಲು ಮೌನ್ ತಲುಪಲಾಗದೆಂದು ಕಂಡರೆ ನಾಟಾದಲ್ಲಿಯೇ ರಾತ್ರಿ ತಂಗಿ, ಬೆಳಿಗ್ಗೆ ಹೊರಡಿ.